ಅವನು ಹಾಕದೆ ಬಿಟ್ಟ ಕಣಿವೆ

"ಏನ್ರೀ, ಜನ ಬದುಕೋದು ಬೇಡ್ವಾ ನಿಮಗೆ?"

ಅಂಗಡಿಯ ಗಾಜಿನ ಬಾಗಿಲು ಇನ್ನೂ ಪೂರ್ತಿ ತೆರೆದಿರಲಿಲ್ಲ, ಅಷ್ಟರಲ್ಲೇ ಅವಳ ದನಿ ಒಳಗೆ ಬಂದಾಗಿತ್ತು. ಕೌಂಟರಿನ ಹಿಂದೆ ಒಂದು ಪುಟ್ಟ ಯಂತ್ರವನ್ನು ಬಿಚ್ಚಿಕೊಂಡು ಕೂತಿದ್ದವನು ಬೆಚ್ಚಿಬಿದ್ದ. ಅವನ ಕೈಯಲ್ಲಿದ್ದ ಸ್ಕ್ರೂ ಉರುಳಿ ಎಲ್ಲೋ ಮಾಯವಾಯಿತು.

"ನಿನ್ನೆ ಈ ಫೋನು ನೇರ ಹೋಗಿ, ನೇರ ಹೋಗಿ ಅಂತ ಹೇಳ್ತಾ ಹೇಳ್ತಾ ನನ್ನನ್ನ ಕಲ್ಲುಗಣಿ ಅಂಚಿಗೆ ತಂದು ನಿಲ್ಲಿಸ್ತು! ಬ್ರೇಕ್ ಹಿಡೀದೇ ಇದ್ದಿದ್ರೆ ನಾನು, ವ್ಯಾನು, ವ್ಯಾನಲ್ಲಿದ್ದ ಔಷಧಿ... ಎಲ್ಲಾ ಒಟ್ಟಿಗೆ ಗೋವಿಂದ!"

"ಆ ಫೋನು ನಮ್ಮಂಗಡೀಲಿ ತಗೊಂಡಿದ್ದಾ ಮೇಡಂ?"

ಅವಳು ಸ್ವಲ್ಪ ತಡವರಿಸಿದಳು. "ಅಲ್ಲ."

"ಮತ್ತೆ ನನಗ್ಯಾಕೆ ಬೈತಿದ್ದೀರಿ?"

"ಯಾರಿಗಾದ್ರೂ ಬೈಬೇಕಲ್ಲ!"

ಅವನು ಜೋರಾಗಿ ನಕ್ಕುಬಿಟ್ಟ. ಅವಳು ನಗಲಿಲ್ಲ. ನೋಡಿ, ಪ್ರೀತಿ ಶುರುವಾಗುವುದಕ್ಕೆ ಇದಕ್ಕಿಂತ ಕೆಟ್ಟ ಗಳಿಗೆ ಇರಲಾರದು. ಆದರೆ ಪ್ರೀತಿ ಯಾವತ್ತು ಗಳಿಗೆ ನೋಡಿ ಬಂದಿದೆ ಹೇಳಿ!

ಲಾರಿ, ವ್ಯಾನುಗಳು ಸಾಲಾಗಿ ನಿಲ್ಲುವ ಆ ಬೀದಿಯಲ್ಲಿ ಅವಳನ್ನು ಎಲ್ಲರೂ 'ವ್ಯಾನಕ್ಕ' ಎನ್ನುತ್ತಿದ್ದರು. ಔಷಧಿ ಮಳಿಗೆಯ ವ್ಯಾನು ಓಡಿಸಿಕೊಂಡು ಸಣ್ಣ ಊರುಗಳ ಆಸ್ಪತ್ರೆಗಳಿಗೆ ಔಷಧಿ ತಲುಪಿಸುವುದು ಅವಳ ಕೆಲಸ. ಮೊದಲು ಆ ಕೆಲಸ ಅವಳ ಗಂಡ ಮಾಡುತ್ತಿದ್ದ. ಅಪಘಾತದಲ್ಲಿ ಅವನು ಹೋದ ಮೇಲೆ ಮಳಿಗೆಯ ಯಜಮಾನರು ಅವಳನ್ನೇ ಕರೆದು ಕೀಲಿ ಕೊಟ್ಟರು. ಮನೆಯಲ್ಲಿ ಅವಳು, ಅವಳ ಅತ್ತೆ. ಇಬ್ಬರೇ.

ಇನ್ನು ಈ ಅಂಗಡಿಯವನು. ದಾರಿ ತೋರಿಸುವ ಜಿಪಿಎಸ್ ಯಂತ್ರ ಮಾರುವುದು, ರಿಪೇರಿ ಮಾಡುವುದು, ಅದಕ್ಕೆ ನಕ್ಷೆ ತುಂಬಿಸಿಕೊಡುವುದು ಅವನ ವ್ಯಾಪಾರ. ಹಾಗಾಗಿ ಬೀದಿಯವರು ಅವನಿಗೆ 'ನಕ್ಷೆ' ಎಂದೇ ಹೆಸರಿಟ್ಟಿದ್ದರು.

"ಗುಡ್ಡ ದಾಟಿದ್ರೆ ಸಿಗ್ನಲ್ ಸತ್ತೋಗುತ್ತೆ. ಅಲ್ಲೂ ಕೆಲಸ ಮಾಡೋ ಅಂಥದ್ದು ಕೊಡಿ," ಎಂದಳು.

ಅವನು ಅಂಗೈಯಗಲದ ಎರಡು ಯಂತ್ರಗಳನ್ನು ತೆಗೆದು ಅವಳ ಮುಂದಿಟ್ಟ.

"ಯಂತ್ರ ಯಾವುದಾದ್ರೂ ಇರ್ಲಿ ಮೇಡಂ, ಒಳಗಿರೋ ಸಾಫ್ಟ್‌ವೇರ್ ನೋಡ್ಬೇಕು. ಇದು ನೋಡೋಕೆ ಚೆಂದ. ಆದ್ರೆ ಮಾತುಮಾತಿಗೂ ನೆಟ್ ಕೇಳುತ್ತೆ. ಸಿಗ್ನಲ್ ಹೋಯ್ತೋ, ಮುನಿಸ್ಕೊಂಡ ಅಳಿಯನ ಥರ ಮಾತೇ ಆಡಲ್ಲ. ಇದು ರೂಪದಲ್ಲಿ ಸುಮಾರು, ಆದ್ರೆ ನಕ್ಷೆ ಎಲ್ಲಾ ಒಳಗಿರೋ ಮೆಮೊರಿ ಕಾರ್ಡಲ್ಲೇ ಇರುತ್ತೆ. ತಲೆ ಮೇಲೆ ಆಕಾಶ ಕಂಡ್ರೆ ಸಾಕು, ದಾರಿ ಹೇಳುತ್ತೆ."

"ತಪ್ಪು ತಿರುವು ತಗೊಂಡ್ರೆ?"

"ಬೇರೆ ದಾರಿ ಹುಡುಕಿ ಹೇಳುತ್ತೆ. ಬೇಜಾರು ಮಾಡ್ಕೊಳ್ಳಲ್ಲ."

"ಹಂಗಾದ್ರೆ ಇದೇ ಇರ್ಲಿ. ಕಾರ್ಡು ಚಿಕ್ಕದು ಸಾಕು."

"ಅದ್ರಲ್ಲಿ ಮಾತ್ರ ಜಿಪುಣತನ ಬೇಡ ಮೇಡಂ. ನಕ್ಷೆ ಚೌಕ ಚೌಕವಾಗಿ, ತುಂಡು ತುಂಡಾಗಿ ಬರುತ್ತೆ. ಚಿಕ್ಕ ಕಾರ್ಡಾದ್ರೆ ಒಂದು ತುಂಡು ಹಾಕೋಕೆ ಇನ್ನೊಂದು ತುಂಡು ಅಳಿಸ್ಬೇಕು. ದೊಡ್ಡದು ತಗೊಳ್ಳಿ, ಇಡೀ ದೇಶ ತುಂಬಿದ್ರೂ ಜಾಗ ಉಳಿಯುತ್ತೆ. ಯಾವ್ಯಾವ ಕಡೆ ಹಾಕ್ಲಿ?"

"ಎಲ್ಲಾ ಕಡೆ." ಅವಳ ದನಿ ಇದ್ದಕ್ಕಿದ್ದಂತೆ ಇಳಿಯಿತು. "ಕಣಿವೆ ರಸ್ತೆ ಮಾತ್ರ ಮರೀಬೇಡಿ."

ಅವನ ಕೈ ನಿಂತುಹೋಯಿತು. ಆ ರಸ್ತೆಯಲ್ಲಿ ಯಾರು ಹೋದರು, ಯಾರ ಮನೆಯ ದೀಪ ಆರಿತು ಎನ್ನುವುದು ಆ ಬೀದಿಗೆಲ್ಲ ಗೊತ್ತಿತ್ತು. ವ್ಯಾನಕ್ಕನ ಮುಖವನ್ನು ಮಾತ್ರ ಅವನು ಅಲ್ಲಿಯವರೆಗೆ ನೋಡಿರಲಿಲ್ಲ. ಓಹ್... ಇವಳೇನಾ ಅವಳು?

"ನಾಳೆ ಬನ್ನಿ... ತುಂಬಿಸಿಟ್ಟಿರ್ತೀನಿ," ಎಂದ. ಈಗ ಅವನ ಮುಖದಲ್ಲೂ ನಗು ಇರಲಿಲ್ಲ.

ಕಣಿವೆ ರಸ್ತೆ!

ಅವಳ ಗಂಡ ಕೊನೆಯ ಸಲ ಫೋನಿನಲ್ಲಿ ಹೇಳಿದ್ದು ಇಷ್ಟೇ. "ಕಣಿವೆಗೆ ಇಳೀತಿದ್ದೀನಿ ಕಣೇ, ಸಿಗ್ನಲ್ ಹೋಗುತ್ತೆ. ಆಮೇಲೆ ಮಾಡ್ತೀನಿ."

ಆ ಆಮೇಲೆ ಬರಲೇ ಇಲ್ಲ. ಸಂಜೆ ಯಾರೋ ಬಂದರು, ಯಾರೋ ಅತ್ತರು, ಯಾರೋ ಅವಳನ್ನು ಹಿಡಿದುಕೊಂಡರು. ಬಟ್ಟೆ ಸುತ್ತಿದ್ದ ದೇಹ ಅಂಗಳಕ್ಕೆ ಬಂತು. ಅವಳು ಮುಖದ ಬಟ್ಟೆ ಸರಿಸಲು ಹೋದಾಗ ಹಿರಿಯರು ತಡೆದರು. "ಬೇಡಮ್ಮ... ನೋಡ್ಬೇಡ, ತಡ್ಕೊಳ್ಳೋಕಾಗಲ್ಲ."

ಮುಖವನ್ನೂ ನೋಡಲಿಲ್ಲ. ಹೋದ ಜಾಗವನ್ನೂ ನೋಡಲಿಲ್ಲ. ಹಾಗಾಗಿ ಅವಳ ಮನಸ್ಸಿನ ಒಂದು ಹುಚ್ಚು ಮೂಲೆ ಇನ್ನೂ ಒಪ್ಪಿರಲಿಲ್ಲ. 'ಅವರು ಇನ್ನೂ ಕಣಿವೇಲೇ ಇದ್ದಾರೆ. ಸಿಗ್ನಲ್ ಇಲ್ಲ, ಅಷ್ಟೇ...' ಫೋನು ರಿಂಗಾದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಒಂದು ಸಲ, ಒಂದೇ ಒಂದು ಸಲ ಆ ಜಾಗದಲ್ಲಿ ನಿಂತು ಕಣ್ಣಾರೆ ನೋಡಬೇಕು. ಇಲ್ಲದಿದ್ದರೆ ಈ ಕಾಯುವಿಕೆ ಮುಗಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಆದರೆ ಯಾರನ್ನು ಕೇಳಿದರೂ ಒಂದೇ ಉತ್ತರ. "ಆ ರಸ್ತೆ ಮುಚ್ಚಿದ್ದಾರೆ ವ್ಯಾನಕ್ಕ." ಇಡೀ ಬೀದಿ ಮಾತಾಡಿಕೊಂಡು ಹೇಳುತ್ತಿದ್ದ ಸುಳ್ಳದು. ಅವಳ ಮೇಲಿನ ಕರುಣೆಯಿಂದಲೇ ಹೇಳಿದ್ದು, ಸರಿ. ಆದರೂ ಸುಳ್ಳು ಸುಳ್ಳೇ.

ಮರುದಿನ ಅವಳು ಯಂತ್ರ ತೆಗೆದುಕೊಳ್ಳಲು ಅಂಗಡಿಗೆ ಬಂದಳು. ಗುಡ್ಡದಾಚೆಯ ಆಸ್ಪತ್ರೆಗೆ ಹೊರಡುವ ಮುನ್ನ ಪರದೆಯನ್ನು ನೋಡಿದರೆ... ಸುತ್ತಲೂ ರಸ್ತೆಗಳು, ಹಳ್ಳಗಳು, ಊರುಗಳು. ನಡುವೆ ಒಂದು ಚೌಕ ಮಾತ್ರ ಬರೀ ಬೂದಿಬಣ್ಣ! ಯಂತ್ರ ಆ ಚೌಕವನ್ನು ಬಿಟ್ಟು, ಗುಡ್ಡಗಳನ್ನೆಲ್ಲ ಸುತ್ತಿಸಿ ದಾರಿ ಹೇಳುತ್ತಿತ್ತು.

"ಇದೇನ್ರೀ, ಕಣಿವೆನೇ ಇಲ್ಲ?"

ಅವನು ತಲೆ ಎತ್ತಲಿಲ್ಲ. "ಆ ತುಂಡಿಂದು ಹೊಸ ನಕ್ಷೆ ಬರ್ಬೇಕು. ಬಂದ ತಕ್ಷಣ ಹಾಕ್ಕೊಡ್ತೀನಿ."

ಅವಳು ನಂಬಿದಳು. ರಸ್ತೆ ಮುಚ್ಚಿದೆ ಎಂದು ಬೀದಿಯೇ ಹೇಳುವಾಗ, ನಕ್ಷೆಯೂ ಬಂದಿಲ್ಲ ಎಂದರೆ ನಂಬದೆ ಏನು ಮಾಡುತ್ತಾಳೆ? ಹೊಸ ನಕ್ಷೆ ಬಂದ ದಿನ ರಸ್ತೆಯೂ ತೆರೆದಿರುತ್ತದೆ ಎಂದುಕೊಂಡಳು.

ಅಲ್ಲಿಂದ ಮುಂದೆ ಕೆಲಸ ಮುಗಿದ ಮೇಲೆ ಅಂಗಡಿಗೆ ಹೋಗಿ "ಬಂತಾ?" ಎಂದು ಕೇಳುವುದು ಅವಳಿಗೆ ರೂಢಿಯಾಯಿತು.

"ಇನ್ನೂ ಇಲ್ಲ. ಟೀ ಕುಡೀತೀರಾ?"

"ನಕ್ಷೆ ಕೊಡಿ ಅಂದ್ರೆ ಟೀ ಕೊಡ್ತೀರಲ್ಲ!"

"ಟೀಗೆ ಸಿಗ್ನಲ್ ಬೇಕಾಗಿಲ್ಲ ನೋಡಿ."

ಮೊದಮೊದಲು ನಿಂತೇ ಕುಡಿದಳು. ಆಮೇಲೆ ಸ್ಟೂಲಿನ ಮೇಲೆ ಕೂತು ಕುಡಿದಳು. ಬಿಸಿಲಿಗೆ ಪರದೆ ಕಾಣುವುದಿಲ್ಲ ಎಂದಾಗ ಅವನು ರಟ್ಟು ಕತ್ತರಿಸಿ ಅದಕ್ಕೊಂದು ಮರೆ ಅಂಟಿಸಿಕೊಟ್ಟ. ಯಂತ್ರದ ದನಿ ಎಂಜಿನ್ ಸದ್ದಿಗೆ ಕೇಳಿಸುವುದಿಲ್ಲ ಎಂದಾಗ ಹಳೆಯ ಸ್ಪೀಕರ್ ಹುಡುಕಿ ಜೋಡಿಸಿಕೊಟ್ಟ. ಒಂದು ದಿನ ಅವನ ಯಾವುದೋ ಮಾತಿಗೆ ಅವಳು ನಕ್ಕಳು. ನಕ್ಕ ಮೇಲೆ ತಾನೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಳು.

'ಛೀ... ನಾನು ನಗ್ತಿದ್ದೀನಾ? ಅವರು ಅಲ್ಲಿ...'

ಅಲ್ಲಿ ಎಂದರೆ ಎಲ್ಲಿ? ಅದೇ ಅವಳಿಗೆ ಗೊತ್ತಿಲ್ಲವಲ್ಲ!

ಇನ್ನೊಂದು ದಿನ ಅವಳು ಕೇಳಿಯೇಬಿಟ್ಟಳು.

"ಇಡೀ ಬೀದಿ ನನ್ನ ವ್ಯಾನಕ್ಕ ಅನ್ನುತ್ತೆ. ನೀವು ಮಾತ್ರ ಇನ್ನೂ ಮೇಡಂ, ಮೇಡಂ ಅಂತೀರಿ. ಅಕ್ಕ ಅನ್ನೋಕೇನು ಕಷ್ಟ?"

ಅವನು ಕೌಂಟರಿನ ಮೇಲಿದ್ದ ಕಾರ್ಡುಗಳನ್ನು ಒಂದೊಂದಾಗಿ ಜೋಡಿಸಿದ. ಆಮೇಲೆ ಮೆಲ್ಲಗೆ ಹೇಳಿದ. "ಒಂದ್ಸಲ ಅಕ್ಕ ಅಂದುಬಿಟ್ರೆ ಮುಗೀತಲ್ಲ ಮೇಡಂ... ಆಮೇಲೆ ಬೇರೆ ಏನೂ ಅನ್ನೋಕಾಗಲ್ಲ."

ಅವಳ ಕಿವಿಯವರೆಗೂ ಬಿಸಿಯೇರಿತು. ಅರ್ಧ ಟೀ ಹಾಗೇ ಬಿಟ್ಟು ಹೊರಗೆ ಬಂದಳು. ವ್ಯಾನಿನಲ್ಲಿ ಕೂತು, ಎಂಜಿನ್ ಹಚ್ಚದೆ ಸ್ಟೇರಿಂಗಿಗೆ ಹಣೆ ಒತ್ತಿ ಅತ್ತಳು. ಸಂತೋಷಕ್ಕೆ ಅತ್ತಳೋ, ದುಃಖಕ್ಕೆ ಅತ್ತಳೋ? ಎರಡಕ್ಕೂ ಎನ್ನಿ. ಹೂಂ ಎನ್ನಲು ಮನಸ್ಸಿತ್ತು. ಆದರೆ ಫೋನು ಬರುತ್ತದೆ ಎಂದು ಇನ್ನೂ ಕಾಯುತ್ತಿರುವವಳು ಯಾವ ಬಾಯಲ್ಲಿ ಹೂಂ ಎನ್ನಬೇಕು?

ಆಗಲೇ ಆ ಘಟನೆ ನಡೆದುಹೋಯಿತು.

ಅಂದು ಬಿಸಿಲು ವಿಪರೀತವಿತ್ತು. ಗುಡ್ಡ ಸುತ್ತಿ ಸುತ್ತಿ ಆಸ್ಪತ್ರೆ ತಲುಪುವಷ್ಟರಲ್ಲಿ ಐಸ್ ಪೆಟ್ಟಿಗೆಯಲ್ಲಿ ಬರೀ ನೀರಿತ್ತು. ನರ್ಸಮ್ಮ ಇನ್ಸುಲಿನ್ ಬಾಟಲಿಗಳನ್ನು ಮುಟ್ಟಿ ನೋಡಿ ತಲೆಯಾಡಿಸಿದರು. "ಬಿಸಿಯಾಗಿದೆ ಕಣಮ್ಮ. ಇದನ್ನ ಹೇಗೆ ಕೊಡ್ಲಿ?"

ಬೆಂಚಿನ ಮೇಲೆ ಕಾಯುತ್ತಿದ್ದ ಅಜ್ಜಿಯೊಬ್ಬರು ಎದ್ದು, ಕೋಲೂರಿಕೊಂಡು ಹೊರಟರು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಆಸ್ಪತ್ರೆಯ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದ ಲಾರಿ ಡ್ರೈವರ್ ಏನಾಯ್ತೆಂದು ವಿಚಾರಿಸಿ, ಅವಳು ಗುಡ್ಡ ಸುತ್ತಿ ಬಂದದ್ದು ತಿಳಿದು ಕೇಳಿದ. ಅವನು ದೂರದವನು, ಅವಳ ಕಥೆ ಅವನಿಗೆ ಗೊತ್ತಿರಲಿಲ್ಲ.

"ಕಣಿವೆ ರಸ್ತೇಲಿ ಬಂದಿದ್ರೆ ಬಿಸಿಲೇರೋ ಮೊದ್ಲೇ ತಲುಪ್ತಿದ್ಯಲ್ಲ ತಾಯಿ? ಯಾಕೆ ಸುತ್ಕೊಂಡು ಬಂದೆ?"

"ಅದು ಮುಚ್ಚಿದೆಯಲ್ಲಣ್ಣ."

"ಯಾವನು ಹೇಳಿದ್ದು? ನಾನೀಗ ಅಲ್ಲಿಂದ್ಲೇ ಬಂದೆ!"

ಅವಳು ತನ್ನ ಯಂತ್ರ ತೋರಿಸಿದಳು. ಅವನು ಕಣ್ಣು ಕಿರಿದು ಮಾಡಿ ಬೂದಿಬಣ್ಣದ ಚೌಕವನ್ನು ನೋಡಿದ. ಎದ್ದು ಹೋಗಿ ಲಾರಿಯಿಂದ ತನ್ನ ಯಂತ್ರ ತಂದ. ಅದೇ ಸಾಫ್ಟ್‌ವೇರ್, ಅದೇ ನಕ್ಷೆ. ಆ ಚೌಕದೊಳಗೆ ಕಣಿವೆ ರಸ್ತೆ ತಿರುವು ತಿರುವಾಗಿ ಸ್ಪಷ್ಟವಾಗಿ ಕಾಣುತ್ತಿತ್ತು.

"ಇದೇನು ಹೊಸದಲ್ಲಮ್ಮ, ನಾನು ತುಂಬಿಸ್ಕೊಂಡು ಎಷ್ಟೋ ಕಾಲ ಆಯ್ತು. ನಿಂದ್ರಲ್ಲಿ ಆ ತುಂಡನ್ನೇ ಹಾಕಿಲ್ಲ. ಯಾರೋ ಬೇಕಂತ್ಲೇ ಬಿಟ್ಟಿದ್ದಾರೆ."

ಬೇಕಂತಲೇ!

ಅವಳು ಅಂಗಡಿಗೆ ಬಂದಾಗ ಅವನು ಟೀ ಲೋಟ ತೊಳೆಯುತ್ತಿದ್ದ. ಅವಳ ಮುಖ ನೋಡಿಯೇ ಅವನಿಗೆ ಅರ್ಥವಾಯಿತು.

"ಒಂದೇ ಮಾತು ಕೇಳ್ತೀನಿ. ಹೊಸ ನಕ್ಷೆ ಬರ್ಬೇಕು ಅಂದ್ರಲ್ಲ, ನಿಜಾನಾ?"

"...ಇಲ್ಲ."

"ಇಡೀ ದೇಶ ಹಿಡಿಯುತ್ತೆ ಅಂತ ಅಷ್ಟು ದೊಡ್ಡ ಕಾರ್ಡ್ ಕೊಟ್ರಲ್ಲ. ಅದ್ರಲ್ಲಿ ನನ್ನ ಗಂಡ ಸತ್ತ ಜಾಗಕ್ಕೆ ಮಾತ್ರ ಜಾಗ ಇರ್ಲಿಲ್ವಾ?"

ಅವನು ಬಾಯಿ ತೆರೆದ. ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೊಟ್ಟ ಮಾತೊಂದು ಅಡ್ಡ ನಿಂತಿತು. "ನನಗೆ... ನೀವು ಅಲ್ಲಿಗೆ ಹೋದ್ರೆ ಏನಾಗುತ್ತೋ ಅಂತ ಭಯ ಆಯ್ತು," ಎಂದಷ್ಟೇ ಹೇಳಿದ. ಅದೂ ನಿಜವೇ ಆಗಿತ್ತು.

"ಭಯ! ಎಲ್ರಿಗೂ ನನ್ನ ಬಗ್ಗೆ ಭಯ! ಮುಖ ನೋಡ್ಬೇಡ ಅಂದ್ರು, ಜಾಗ ನೋಡ್ಬೇಡ ಅಂದ್ರು. ನೀವೊಬ್ರು ದಾರಿ ತೋರಿಸ್ತೀರಿ ಅಂತ ನಂಬಿದ್ದೆ ಕಣ್ರೀ... ದಿನಾ ಬಂದು ಬಂತಾ, ಬಂತಾ ಅಂತ ಕೇಳಿದ್ನಲ್ಲ, ಒಂದಿನಾನೂ ನಿಮ್ಮ ಕರುಳು ಚುರ್ ಅನ್ಲಿಲ್ವಾ?"

"ದಿನಾ ಅಂತಿತ್ತು," ಎಂದ ಅವನು. ಅವನ ಕಣ್ಣು ತುಂಬಿತ್ತು.

ಅವನು ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಆ ಚೌಕವನ್ನು ಒತ್ತಿದ. ತುಂಬುವವರೆಗೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಂತ್ರ ಕೈಗೆ ಬಂದ ಕೂಡಲೇ ಅವಳು ತಿರುಗಿದಳು.

"ಇನ್ನು ಈ ಅಂಗಡಿ ಮೆಟ್ಟಿಲು ಹತ್ತಲ್ಲ. ಕಣಿವೆಗೆ ನಾನೊಬ್ಳೇ ಹೋಗ್ತೀನಿ. ಯಾರೂ ಹಿಂದೆ ಬರೋದು ಬೇಡ."

ಮನೆಗೆ ಬಂದವಳೇ ಅತ್ತೆಯ ಮುಂದೆ ಎಲ್ಲವನ್ನೂ ಸಿಟ್ಟಿನಲ್ಲಿ ಕಾರಿಕೊಂಡಳು. "ನಕ್ಷೆ ಅಂತೆ ನಕ್ಷೆ! ಮೋಸಗಾರ! ನಂಬಿಸಿ ಕತ್ತು ಕೊಯ್ದ ಅತ್ತೆ!"

ಒಗೆದ ಬಟ್ಟೆ ಮಡಚುತ್ತಿದ್ದ ಅತ್ತೆಯ ಕೈ ನಿಂತಿತು.

"ಅವನಿಗೆ ಬೈಬೇಡ ಕಣೇ. ಹಾಕ್ಬೇಡ ಅಂದೋಳು ನಾನು."

"ಅತ್ತೆ!"

"ನೀನು ಕಣಿವೆ ರಸ್ತೆನೂ ಹಾಕಿಸ್ತಿದ್ದೀನಿ ಅಂತ ಅವತ್ತು ಹೇಳಿದ್ಯಲ್ಲ, ಮಾರನೇ ಬೆಳಿಗ್ಗೆ ನೀನು ಏಳೋ ಮೊದ್ಲೇ ಹೋಗಿ ಅವನ ಮನೆ ಬಾಗಿಲು ತಟ್ಟಿದೆ. ಆಗಲ್ಲಮ್ಮ, ಅದು ಮೋಸ ಆಗುತ್ತೆ ಅಂದ. ಅವನ ಕಾಲಿಗೆ ಬೀಳೋಕೆ ಹೋದೆ. ಬೀಳೋಕೆ ಬಿಡ್ಲಿಲ್ಲ... ಆಯ್ತಮ್ಮ ಅಂದ. ನಾನು ಬಂದಿದ್ದು ಯಾರಿಗೂ ಹೇಳ್ಬಾರ್ದು ಅಂತ ಮಾತು ತಗೊಂಡೆ." ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಇದ್ದೊಬ್ಬ ಮಗನನ್ನ ಆ ರಸ್ತೆ ನುಂಗ್ತು. ನಿನ್ನನ್ನೂ ಅದೇ ರಸ್ತೆಗೆ ಕಳಿಸಿ ನಾನು ಬಾಗಿಲಲ್ಲಿ ಕೂತು ಕಾಯ್ಲಾ? ನನ್ನ ಕೈಲಾಗಲ್ಲ ಮಗಳೇ..."

ಅವಳು ಕುಸಿದು ಅತ್ತೆಯ ಮಡಿಲಿಗೆ ಬಿದ್ದಳು. ಇಬ್ಬರೂ ಅತ್ತರು. ಮಗ ಹೋದ ದಿನವೂ ಅವರು ಹೀಗೆ ಒಟ್ಟಿಗೆ ಅತ್ತಿರಲಿಲ್ಲ. ಒಬ್ಬರಿಗೊಬ್ಬರು ಧೈರ್ಯ ಹೇಳುವುದರಲ್ಲೇ ಅಂದು ಹೊತ್ತು ಹೋಗಿತ್ತು.

"ನಾನೂ ಕಾಯ್ತಾನೇ ಇದ್ದೀನಿ ಅತ್ತೆ. ಅವರು ಫೋನ್ ಮಾಡ್ತಾರೆ ಅಂತ. ಹುಚ್ಚು ಅಂತ ಗೊತ್ತು... ಆದ್ರೂ ಕಾಯ್ತಿದ್ದೀನಿ. ನೋಡ್ದೇ ಇದ್ರೆ ಇದು ನಿಲ್ಲಲ್ಲ."

ಅತ್ತೆ ಸೊಸೆಯ ತಲೆ ಸವರಿದರು.

"ಹಂಗಾದ್ರೆ ಹೋಗಿ ಬಾ. ನನ್ನ ಪಾಲಿಂದೂ ನೋಡ್ಕೊಂಡು ಬಾ." ಆಮೇಲೆ, ಮೂಗು ಒರೆಸಿಕೊಳ್ಳುತ್ತ, "ಆ ಹುಡುಗನ ಮಾತು ಬಂದಾಗೆಲ್ಲ ನಿನ್ನ ಮುಖ ಹೆಂಗಾಗುತ್ತೆ ಅಂತ ನಾನು ನೋಡಿಲ್ಲ ಅಂದ್ಕೊಂಡ್ಯಾ? ನಾನು ನಿನ್ನ ಹೆತ್ತೋಳಲ್ಲ, ನಿಜ. ಕುರುಡಿನೂ ಅಲ್ಲ."

ಅವಳು ಎದ್ದು ಅತ್ತೆಯ ಜೊತೆ ಉಳಿದ ಬಟ್ಟೆ ಮಡಚತೊಡಗಿದಳು.

ಬೆಳಗಿನ ತಂಪಿನಲ್ಲೇ ಹೊರಟಳು. ಐಸ್ ಪೆಟ್ಟಿಗೆ ಹಿಂದಿತ್ತು. ಯಂತ್ರ ಈ ಸಲ ಬಳಸು ದಾರಿ ಹೇಳಲಿಲ್ಲ. ಕಣಿವೆಯ ಕವಲಿನಲ್ಲಿ ಸುಮ್ಮನೆ, ಎಂದಿನ ಸಪ್ಪೆ ದನಿಯಲ್ಲಿ, ಎಡಕ್ಕೆ ತಿರುಗಲು ಹೇಳಿತು. ಅವಳು ತಿರುಗಿಸಿದಳು.

ಜಾಗವನ್ನು ಅವಳಿಗೆ ಯಾರೂ ತೋರಿಸಬೇಕಾಗಲಿಲ್ಲ. ಒಂದು ಕಡಿದಾದ ತಿರುವಿನಲ್ಲಿ ರಸ್ತೆಯಂಚಿನ ತಡೆಗೋಡೆ ಉದ್ದಕ್ಕೂ ಹಳೆಯದು, ನಡುವೆ ಸ್ವಲ್ಪ ಮಾತ್ರ ಹೊಸದು. ಅಷ್ಟೇ. ಬೇರೆ ಗುರುತೇನೂ ಇಲ್ಲ. ಕೆಳಗೆ ಕಲ್ಲು, ಪೊದೆ, ಎಲ್ಲೋ ಹರಿಯುವ ನೀರಿನ ಸದ್ದು.

ವ್ಯಾನು ಬದಿಗೆ ನಿಲ್ಲಿಸಿ, ಇಳಿದು, ಹೊಸ ಗಾರೆಯ ಮೇಲೆ ಕೈಯಿಟ್ಟಳು.

"ಇಲ್ಲೇನಾ ರೀ?"

ಎಷ್ಟೋ ದಿನದಿಂದ ಗಂಟು ಕಟ್ಟಿಕೊಂಡಿದ್ದದ್ದು ಒಮ್ಮೆಲೇ ಬಿಚ್ಚಿಕೊಂಡಿತು. ಗೋಡೆಗೆ ಒರಗಿ, ಕೂಗಿ, ಎದೆ ಬಡಿದುಕೊಂಡು ಅತ್ತಳು. ಅವಳನ್ನು ಹಿಡಿದುಕೊಳ್ಳುವವರು, ಬೇಡಮ್ಮ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಅದೇ ಒಳ್ಳೆಯದಾಯಿತು.

"ನೀವು ಬರಲ್ಲ ಅಲ್ವಾ..." ಕೊನೆಗೆ ಬಿಕ್ಕುತ್ತ ಹೇಳಿದಳು. "ಗೊತ್ತಾಯ್ತು ರೀ. ಇವತ್ತು ಗೊತ್ತಾಯ್ತು. ಅತ್ತೇನ ನಾನು ನೋಡ್ಕೋತೀನಿ. ನೀವು ನಿಶ್ಚಿಂತೆಯಾಗಿ ಇರಿ."

ಸೆರಗಿನಿಂದ ಮುಖ ಒರೆಸಿಕೊಂಡು ವ್ಯಾನು ಹತ್ತಿದಳು. ಮೈಯೆಲ್ಲ ಸುಸ್ತಾಗಿತ್ತು, ಜ್ವರ ಬಿಟ್ಟ ಹಾಗಿತ್ತು.

ರಸ್ತೆ ಕಣಿವೆಯಿಂದ ಮೇಲೇರಿ ಹೊರಬರುವ ಕಡೆ ಒಂದು ಪಂಕ್ಚರ್ ಅಂಗಡಿ. ಅದರ ಮುಂದೆ ಹಳೆಯ ಟೈರಿನ ಮೇಲೆ ಅವನು ಕೂತಿದ್ದ. ಪಕ್ಕದಲ್ಲಿ ದೂಳು ತುಂಬಿದ ಬೈಕು. ವ್ಯಾನು ಕಂಡೊಡನೆ ಎದ್ದು ನಿಂತ. ಹತ್ತಿರ ಬರಲು ಧೈರ್ಯ ಸಾಲದೆ ಅಲ್ಲೇ ನಿಂತುಬಿಟ್ಟ.

ಅವಳು ಗಾಜು ಇಳಿಸಿದಳು.

"ಯಾರೂ ಬರೋದು ಬೇಡ ಅಂದಿದ್ದೆ."

"ಹಿಂದೆ ಬರ್ಲಿಲ್ಲ... ಗುಡ್ಡ ಸುತ್ಕೊಂಡು ಮುಂದೆ ಬಂದೆ. ನೀವು ಹೊರಟ್ರಿ ಅಂತ ನಿಮ್ಮತ್ತೆ ಫೋನ್ ಮಾಡಿದ್ರು. ಹುಷಾರಾಗಿ ಹೊರಗೆ ಬಂದಿದ್ದು ನೋಡಿದ್ರೆ ಸಾಕಿತ್ತು. ನೋಡಿದೆ. ಹೋಗ್ತೀನಿ."

ಅವನು ಬೈಕಿನತ್ತ ತಿರುಗಿದ.

"ಅತ್ತೆ ಎಲ್ಲಾ ಹೇಳಿದ್ರು," ಎಂದಳು. "ಅವತ್ತು ನೀವ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮಗೆ ಮನೇಲಿ ಉಳಿದಿರೋ ಒಬ್ರ ಮೇಲೂ ಸಿಟ್ಟು ಬರ್ತಿತ್ತು. ನನ್ನ ಮೇಲೆ ಬಂದ್ರೆ ಪರವಾಗಿಲ್ಲ. ತಪ್ಪು ನಂದೂ ಇತ್ತಲ್ಲ... ನಿಮ್ಮತ್ತೆ ಕೇಳಿದ್ರು ಅಂತ ಬಿಟ್ಟೆ. ಆಮೇಲೆ, ಹಾಕಿಬಿಟ್ರೆ ನೀವು ಬಂತಾ ಅಂತ ಕೇಳೋಕೆ ಬರಲ್ವಲ್ಲ ಅಂತಾನೂ ಬಿಟ್ಟೆ. ಅದು ಮಾತ್ರ ನನ್ನದೇ ಆಸೆ. ಕ್ಷಮಿಸಿಬಿಡಿ."

ಅವಳು ಸ್ಟೇರಿಂಗ್ ಹಿಡಿದು ಎದುರಿನ ರಸ್ತೆಯನ್ನೇ ನೋಡುತ್ತಿದ್ದಳು. ಕಣ್ಣುಗಳು ಊದಿ ಕೆಂಪಾಗಿದ್ದವು. ಕೊನೆಗೆ ಕೈ ಚಾಚಿ ಪಕ್ಕದ ಬಾಗಿಲಿನ ಚಿಲಕ ತೆಗೆದಳು.

"ಹತ್ತಿ. ಮೊದ್ಲು ಔಷಧಿ ಕೊಟ್ಟು ಬರೋಣ, ಬಿಸಿಯಾಗುತ್ತೆ. ಆಮೇಲೆ ವಾಪಸ್ ಕಣಿವೆಗೇ ಹೋಗ್ಬೇಕು."

"ಮತ್ತೆ ಕಣಿವೆಗಾ? ಈಗಷ್ಟೇ ಬಂದ್ರಲ್ಲ..."

"ಅವರಿಗೆ ನಿಮ್ಮನ್ನ ತೋರಿಸ್ಬೇಕು."

ಅವನು ಬಾಗಿಲು ಹಿಡಿದುಕೊಂಡೇ ನಿಂತ.

"ಅವರ ಹತ್ರ... ನನ್ನ ಏನಂತ ಹೇಳ್ತೀರಿ?"

ಅವಳ ಕೆನ್ನೆಯ ಮೇಲೆ ನೀರು ಮತ್ತೆ ಇಳಿಯಿತು. ಈ ಸಲ ಅವಳು ಒರೆಸಿಕೊಳ್ಳಲಿಲ್ಲ.

"ಇವರು ನನಗೆ ಸುಳ್ಳು ಹೇಳಿದ್ರು ರೀ... ಆದ್ರೂ ನನಗೆ ಇವರು ಬೇಕು, ಅಂತ."